ತಲೆಬರಹ ಓದದೆ ಕೋಷ್ಟಕವನ್ನು ನಂಬಬೇಡಿ

ಅಂಗಡಿಗೆ ಸರಕು ಬಂದಾಗ ಬಿಲ್ಲಿನ ಕೊನೆಯ ಮೊತ್ತವನ್ನಷ್ಟೇ ನೋಡಿ ಹಣ ಕೊಡುವ ವರ್ತಕ ನಮ್ಮಲ್ಲಿ ಯಾರೂ ಇಲ್ಲ. ದರ ಕ್ವಿಂಟಲಿಗೋ ಚೀಲಕ್ಕೋ, ತೂಕದಲ್ಲಿ ಬಾರದಾನ ಸೇರಿದೆಯೋ ಇಲ್ಲವೋ, ಬೆಲೆ ತೆರಿಗೆ ಸೇರಿ ಹೇಳಿದ್ದೋ ಬಿಟ್ಟು ಹೇಳಿದ್ದೋ ಎಂಬುದನ್ನು ಪರಿಶೀಲಿಸಿದ ನಂತರವೇ ನಾವು ರಸೀದಿಗೆ ಸಹಿ ಹಾಕುತ್ತೇವೆ. ಆದರೆ ಇದೇ ವರ್ತಕರೂ ಕಾರ್ಖಾನೆದಾರರೂ ಯಾವುದಾದರೊಂದು ವರದಿಯಲ್ಲಿ ಅಚ್ಚಾದ ಅಂಕಿ-ಅಂಶಗಳ ಕೋಷ್ಟಕವನ್ನು ಕಂಡಾಗ ಈ ಎಚ್ಚರವನ್ನು ಬದಿಗಿಡುತ್ತಾರೆ. ಗೆರೆ ಎಳೆದು, ಸಾಲು ಕಂಬಗಳನ್ನು ಜೋಡಿಸಿ, ಕೆಳಗೆ ಒಟ್ಟು ಮೊತ್ತ ಬರೆದಿದ್ದರೆ ಅದು ಸತ್ಯವೇ ಆಗಿರಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ದಾರಿ ತಪ್ಪಿಸುವ ಕೋಷ್ಟಕಗಳಲ್ಲಿ ಸುಳ್ಳು ಅಂಕಿಗಳು ಇರುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ಪ್ರತಿಯೊಂದು ಅಂಕಿಯೂ ತನ್ನಷ್ಟಕ್ಕೆ ಸರಿಯಾಗಿಯೇ ಇರುತ್ತದೆ. ಹೋಲಿಕೆಗೆ ಬಾರದ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಕೂರಿಸಿದ್ದೇ ದೋಷವಾಗಿರುತ್ತದೆ. ಗಡಿ, ಅವಧಿ, ಆಧಾರ ವರ್ಷ, ವ್ಯಾಖ್ಯೆ ಈ ನಾಲ್ಕರಲ್ಲಿ ಯಾವುದೊಂದು ನಡುವೆ ಬದಲಾಗಿದ್ದರೂ ಕೋಷ್ಟಕ ಹೇಳುವ ಕಥೆ ತಲೆಕೆಳಗಾಗುತ್ತದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ನಮಗೆ ಇದು ಕೇವಲ ಪಾಂಡಿತ್ಯದ ವಿಷಯವಲ್ಲ. ರೈಲು, ಕೈಗಾರಿಕಾ ನಿವೇಶನ, ಬ್ಯಾಂಕ್ ಶಾಖೆ, ಸಾಲದ ಮಿತಿ ಎಲ್ಲವೂ ಕೊನೆಗೆ ಯಾವುದೋ ಒಂದು ಕೋಷ್ಟಕದ ಆಧಾರದ ಮೇಲೆಯೇ ಮಂಜೂರಾಗುತ್ತವೆ ಅಥವಾ ತಿರಸ್ಕೃತವಾಗುತ್ತವೆ.

ಗಡಿ ಬದಲಾದಾಗ

ಮೊದಲು ನೆರೆಯ ಧಾರವಾಡವನ್ನು ನೋಡೋಣ. 1991ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು 35.03 ಲಕ್ಷ, 2001ರ ಜನಗಣತಿಯಲ್ಲಿ ಅದೇ ಹೆಸರಿನ ಜಿಲ್ಲೆಯ ಜನಸಂಖ್ಯೆ ಸುಮಾರು 16.04 ಲಕ್ಷ. ಈ ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದರೆ ಹತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಊರು ಬಿಟ್ಟಂತೆ ಕಾಣುತ್ತದೆ. ನಡೆದದ್ದು ಇಷ್ಟೇ: 1997ರಲ್ಲಿ ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದವು. ಸರಿಪಡಿಸಿದ ಕೋಷ್ಟಕ ಹೀಗಿರುತ್ತದೆ:

ಅವಿಭಜಿತ ಧಾರವಾಡ ಜಿಲ್ಲೆಯ ಪ್ರದೇಶದ ಜನಸಂಖ್ಯೆ (ಲಕ್ಷಗಳಲ್ಲಿ, ಆಧಾರ: ಜನಗಣತಿ)
1991 — ಅವಿಭಜಿತ ಜಿಲ್ಲೆ: 35.03
2001 — ಧಾರವಾಡ 16.04, ಗದಗ 9.72, ಹಾವೇರಿ 14.39, ಒಟ್ಟು: 40.15
ಹೆಚ್ಚಳ: 5.12 ಲಕ್ಷ, ಅಂದರೆ ಸುಮಾರು ಶೇ. 14.6

ಅರ್ಧಕ್ಕೂ ಮಿಕ್ಕಿದ ಕುಸಿತ ಎಂಬ ಕಥೆ ಶೇ. 14ಕ್ಕೂ ಮೀರಿದ ಬೆಳವಣಿಗೆಯಾಗಿ ಬದಲಾಯಿತು. ಒಂದು ಅಂಕಿಯನ್ನೂ ತಿದ್ದಬೇಕಾಗಲಿಲ್ಲ; ತಿದ್ದಬೇಕಾದದ್ದು ಸಾಲಿನ ಹೆಸರು ಮಾತ್ರ.

ಇದೇ ಸನ್ನಿವೇಶ ಈಗ ನಮ್ಮ ಬಾಗಿಲಿಗೆ ಬಂದಿದೆ. 2011ರ ಜನಗಣತಿಯ ಕಾಲಕ್ಕೆ ದಾಂಡೇಲಿ ಹಳಿಯಾಳ ತಾಲೂಕಿನ ಭಾಗವಾಗಿತ್ತು. 2017-18ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲೂಕುಗಳಲ್ಲಿ ದಾಂಡೇಲಿಯೂ ಒಂದಾಗಿ, ಆ ಬಳಿಕ ಪ್ರತ್ಯೇಕ ತಾಲೂಕಾಯಿತು. ಹೀಗಾಗಿ 2011ರ ಹಳಿಯಾಳದ ಮೊತ್ತದಲ್ಲಿ ದಾಂಡೇಲಿ ನಗರದ 52,069 ಜನರೂ ಸೇರಿದ್ದಾರೆ. ಮುಂದಿನ ಜನಗಣತಿಯ ಹಳಿಯಾಳದ ಮೊತ್ತದಲ್ಲಿ ಅವರು ಇರುವುದಿಲ್ಲ. 2025ರ ಜೂನಿನಲ್ಲಿ ಅಧಿಸೂಚನೆಯಾದ ಜನಗಣತಿಗೆ 2027ರ ಮಾರ್ಚ್ 1 ನಿಗದಿತ ದಿನ. ಅದರ ಅಂಕಿಗಳು ಹೊರಬಂದಾಗ “ಹಳಿಯಾಳ ತಾಲೂಕಿನ ಜನಸಂಖ್ಯೆಯಲ್ಲಿ ಭಾರಿ ಇಳಿಕೆ” ಎಂಬ ಶೀರ್ಷಿಕೆಯನ್ನು ಯಾರಾದರೂ ಬರೆದರೆ ಆಶ್ಚರ್ಯಪಡಬೇಕಾಗಿಲ್ಲ. ದಾಂಡೇಲಿಯ ಸಾಲಿನಲ್ಲಿ ಹಿಂದಿನ ಅಂಕಿಯೇ ಇಲ್ಲದ್ದರಿಂದ ಅಲ್ಲಿ ಹೋಲಿಕೆಯೇ ಸಾಧ್ಯವಿಲ್ಲ ಎಂದು ಬಿಟ್ಟುಬಿಡುವವರೂ ಇರುತ್ತಾರೆ. ಎರಡೂ ತಾಲೂಕುಗಳನ್ನು ಕೂಡಿಸಿ ಒಂದು ಸಾಲು ಬರೆಯುವುದೇ ಇದಕ್ಕೆ ಪರಿಹಾರ. ಗ್ರಾಮವಾರು ಪಟ್ಟಿಯಿಂದ 2011ರ ಅಂಕಿಗಳನ್ನು ಹೊಸ ಗಡಿಗೆ ಹೊಂದಿಸಿ ಮರುಜೋಡಿಸುವುದು ಇನ್ನೂ ಉತ್ತಮ.

ನಗರದ ಗಡಿಗೂ ಇದೇ ಮಾತು ಅನ್ವಯಿಸುತ್ತದೆ. ದಾಂಡೇಲಿ ನಗರದ ಜನಸಂಖ್ಯೆ 2001ರಲ್ಲಿ 53,287, 2011ರಲ್ಲಿ 52,069. ಇದನ್ನು ಓದಿದವರು “ಬೆಳೆಯದ ಊರು” ಎಂದು ತೀರ್ಮಾನಿಸಬಹುದು. ಆದರೆ ಈ ಅಂಕಿ ನಗರದ ಆಡಳಿತ ಗಡಿಯೊಳಗಿನವರನ್ನು ಮಾತ್ರ ಹೇಳುತ್ತದೆ. ಅಂಬೇವಾಡಿಯಂತಹ ಪಂಚಾಯಿತಿ ಪ್ರದೇಶದಲ್ಲಿ ಮನೆ ಮಾಡಿ ದಾಂಡೇಲಿ ಪೇಟೆಯಲ್ಲಿ ವ್ಯವಹರಿಸುವವರು ಈ ಸಾಲಿನೊಳಗೆ ಬರುವುದಿಲ್ಲ. ಮಾರುಕಟ್ಟೆಯ ಗಾತ್ರವನ್ನು ಅಳೆಯಬೇಕಾದ ವರ್ತಕನಿಗೆ ಬೇಕಾದದ್ದು ನಗರ ಮತ್ತು ಸುತ್ತಲಿನ ಗ್ರಾಮಗಳ ಒಟ್ಟು ಲೆಕ್ಕ. ಅದನ್ನು ನೋಡದೆ ಬೆಳವಣಿಗೆ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲು ಬರುವುದಿಲ್ಲ.

ಹೆಸರಿನ ಬಗೆಗೂ ಎಚ್ಚರಿಕೆ ಅಗತ್ಯ. ಹಳೆಯ ಸೂಪಾ ಪಟ್ಟಣವು ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂದಿತು. ಆದರೂ ಜನಗಣತಿಯ ಪಟ್ಟಿಗಳಲ್ಲಿ ಸೂಪಾ ಎಂಬ ಹೆಸರೇ ಮುಂದುವರಿಯಿತು. ಜೋಯಿಡಾ ಎಂದು ಹುಡುಕಿದವನಿಗೆ ಅಂಕಿ ಸಿಗದು. ಎರಡೂ ಹೆಸರುಗಳನ್ನು ಬೇರೆ ಬೇರೆಯೆಂದು ತಿಳಿದವನು ಒಂದೇ ತಾಲೂಕನ್ನು ಎರಡು ಬಾರಿ ಕೂಡಿಸುತ್ತಾನೆ.

ಅವಧಿ ಸಮವಾಗಿದೆಯೇ?

ಹಿಂದಿನ ಜನಗಣತಿಗಳ ನಡುವಿನ ಅಂತರ ಹತ್ತು ವರ್ಷ. 2011 ಮತ್ತು 2027ರ ನಡುವಿನ ಅಂತರ ಹದಿನಾರು ವರ್ಷ. ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 13,53,644 ಇದ್ದದ್ದು 2011ರಲ್ಲಿ 14,37,169 ಆಯಿತು. ಅದು ಹತ್ತು ವರ್ಷಗಳಲ್ಲಿ ಶೇ. 6.17ರ ಹೆಚ್ಚಳ. ಇದರ ಪಕ್ಕದಲ್ಲಿ ಹದಿನಾರು ವರ್ಷಗಳ ಹೆಚ್ಚಳವನ್ನು ಬರೆದು “ಬೆಳವಣಿಗೆ ವೇಗ ಪಡೆದಿದೆ” ಎನ್ನುವುದು ಹತ್ತು ತಿಂಗಳ ಲಾಭದ ಪಕ್ಕದಲ್ಲಿ ಹದಿನಾರು ತಿಂಗಳ ಲಾಭವನ್ನು ಬರೆದಂತೆ. ಎರಡನ್ನೂ ವಾರ್ಷಿಕ ದರಕ್ಕೆ ಇಳಿಸಿದ ನಂತರವೇ ಹೋಲಿಸಬೇಕು.

ಅಂಬೇವಾಡಿ ನಿಲ್ದಾಣದ ಉದಾಹರಣೆ ಇನ್ನೂ ಹತ್ತಿರದ್ದು. ಅಳ್ನಾವರದಿಂದ ಬರುವ ಈ ಕವಲು ಮಾರ್ಗದಲ್ಲಿ ಹಲವು ವರ್ಷ ಸರಕು ಗಾಡಿಗಳು ಮಾತ್ರ ಸಂಚರಿಸುತ್ತಿದ್ದವು. 2019ರ ನವೆಂಬರಿನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಆರಂಭವಾಯಿತು. 2020ರ ಮಾರ್ಚಿನಲ್ಲಿ ಸೋಂಕಿನ ಕಾರಣ ದೇಶದ ಎಲ್ಲ ಪ್ರಯಾಣಿಕರ ಗಾಡಿಗಳೂ ನಿಂತವು. ಈಗ ಈ ನಿಲ್ದಾಣದ ವರ್ಷವಾರು ಪ್ರಯಾಣಿಕರ ಕೋಷ್ಟಕವನ್ನು ಊಹಿಸಿಕೊಳ್ಳಿ. 2018-19ರ ಎದುರು ಸೊನ್ನೆ ಇರುತ್ತದೆ. 2019-20ರ ಎದುರಿನ ಅಂಕಿ ಐದು ತಿಂಗಳೂ ತುಂಬದ ಸೇವೆಯದ್ದು. ಅದನ್ನು ಬೇರೆ ನಿಲ್ದಾಣಗಳ ಹನ್ನೆರಡು ತಿಂಗಳ ಅಂಕಿಯ ಜೊತೆ ತೂಗಿದರೆ “ಇಲ್ಲಿ ಬೇಡಿಕೆಯೇ ಇಲ್ಲ” ಎಂಬ ತೀರ್ಪು ತಾನಾಗಿಯೇ ಬರುತ್ತದೆ.

ಗಾಡಿಯೇ ಓಡದ ವರ್ಷದಲ್ಲಿ ಟಿಕೇಟು ಮಾರಾಟವಾಗದಿರುವುದು ಬೇಡಿಕೆಯ ಅಳತೆಯಲ್ಲ. ಕೋಷ್ಟಕದಲ್ಲಿ ಸೊನ್ನೆಗೆ ಒಂದು ಅರ್ಥ, ಖಾಲಿ ಬಿಟ್ಟ ಮನೆಗೆ ಬೇರೆ ಅರ್ಥ. ಸೇವೆ ಇದ್ದು ಯಾರೂ ಬಾರದಿದ್ದರೆ ಸೊನ್ನೆ. ಸೇವೆಯೇ ಇಲ್ಲದಿದ್ದರೆ ಅಡ್ಡಗೆರೆ ಹಾಕಿ “ಸೇವೆ ಇರಲಿಲ್ಲ” ಎಂದು ಕೆಳಗೆ ಬರೆಯಬೇಕು. ಅರೆ ವರ್ಷದ ಅಂಕಿಯನ್ನು ಸೇವೆಯಿದ್ದ ದಿನಗಳಿಂದ ಭಾಗಿಸಿ ದಿನವೊಂದಕ್ಕೆ ಎಷ್ಟು ಎಂದು ಕೊಡಬೇಕು. ರೈಲಿಗಾಗಿ ನಾವು ಸಲ್ಲಿಸುವ ಮನವಿಯಲ್ಲಿ ಈ ಒಂದು ತಿದ್ದುಪಡಿ ಹತ್ತು ಪುಟಗಳ ವಾದಕ್ಕಿಂತ ಹೆಚ್ಚು ಕೆಲಸ ಮಾಡೀತು.

ಆಧಾರ ವರ್ಷ ಯಾವುದು?

ಕಾರ್ಮಿಕರಿರುವ ಪ್ರತಿ ಕಾರ್ಖಾನೆದಾರನಿಗೂ ಪರಿಚಿತವಾದದ್ದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಅನೇಕ ವೇತನ ಒಪ್ಪಂದಗಳ ತುಟ್ಟಿಭತ್ಯೆ ಇದಕ್ಕೆ ಕಟ್ಟಿಕೊಂಡಿದೆ. 2020ರ ಆಗಸ್ಟಿನಲ್ಲಿ ಈ ಸೂಚ್ಯಂಕ 338. ಮರುತಿಂಗಳು ಸೆಪ್ಟೆಂಬರಿನಲ್ಲಿ 118.1. ಬೆಲೆಗಳು ಒಂದೇ ತಿಂಗಳಲ್ಲಿ ಮೂರನೆಯ ಒಂದು ಪಾಲಿಗೆ ಇಳಿದವೇ? ಇಲ್ಲ. ಆಗಸ್ಟಿನ ಅಂಕಿ 2001ನ್ನು 100 ಎಂದು ಹಿಡಿದದ್ದು, ಸೆಪ್ಟೆಂಬರಿನದು 2016ನ್ನು 100 ಎಂದು ಹಿಡಿದದ್ದು. ಹೊಸ ಸರಣಿಯನ್ನು ಹಳೆಯದಕ್ಕೆ ಜೋಡಿಸಲು ಅಖಿಲ ಭಾರತ ಮಟ್ಟದಲ್ಲಿ ನೀಡಿದ ಗುಣಕ 2.88. ಅದರಿಂದ ಗುಣಿಸಿದರೆ 118.1 ಸುಮಾರು 340 ಆಗುತ್ತದೆ. ಅಂದರೆ ಸೂಚ್ಯಂಕ ಎರಡು ಅಂಶ ಏರಿತ್ತು. ಹೊಸ ಸರಣಿಯಲ್ಲಿ ಕೇಂದ್ರಗಳ ಸಂಖ್ಯೆ 78ರಿಂದ 88ಕ್ಕೆ ಏರಿದೆ, ಆಹಾರ ಪದಾರ್ಥಗಳ ತೂಕವೂ ಕಡಿಮೆಯಾಗಿದೆ. ಆದುದರಿಂದ ಗುಣಕದಿಂದ ಜೋಡಿಸಿದ ಸರಣಿಯೂ ಪೂರ್ಣವಾಗಿ ಒಂದೇ ವಸ್ತುವಲ್ಲ ಎಂಬುದು ನೆನಪಿರಲಿ. ಆದರೂ ಗುಣಕವಿಲ್ಲದೆ ಎರಡನ್ನೂ ಒಂದೇ ಕಂಬದಲ್ಲಿ ಬರೆದರೆ ಮಾಲೀಕನಿಗೂ ನಷ್ಟ, ಕಾರ್ಮಿಕನಿಗೂ ನಷ್ಟ, ಜೊತೆಗೆ ವ್ಯಾಜ್ಯ.

ರಾಷ್ಟ್ರಮಟ್ಟದಲ್ಲೂ ಹೀಗಾಗಿದೆ. 2015ರ ಜನವರಿಯಲ್ಲಿ ರಾಷ್ಟ್ರೀಯ ವರಮಾನದ ಆಧಾರ ವರ್ಷ 2004-05ರಿಂದ 2011-12ಕ್ಕೆ ಬದಲಾದಾಗ, 2013-14ರ ಬೆಳವಣಿಗೆ ದರ ಶೇ. 4.7ರ ಬದಲು ಶೇ. 6.9 ಎಂದಾಯಿತು. ಒಂದು ವರ್ಷವನ್ನು ಹಳೆಯ ಸರಣಿಯಿಂದ, ಮರುವರ್ಷವನ್ನು ಹೊಸ ಸರಣಿಯಿಂದ ಎತ್ತಿ ಪಕ್ಕಪಕ್ಕ ಬರೆದವನು ಇಲ್ಲದ ನೆಗೆತವೊಂದನ್ನು ಸೃಷ್ಟಿಸುತ್ತಾನೆ.

ಹೆಸರು ಒಂದೇ, ವಸ್ತು ಬೇರೆ

ನಮ್ಮ ಸದಸ್ಯರಿಗೆ ಅತಿ ಹತ್ತಿರದ ಉದಾಹರಣೆ “ಸಣ್ಣ ಉದ್ದಿಮೆ” ಎಂಬ ಮಾತೇ. 2006ರ ಕಾಯ್ದೆಯ ಪ್ರಕಾರ ಯಂತ್ರೋಪಕರಣಗಳ ಹೂಡಿಕೆ 25 ಲಕ್ಷ ರೂಪಾಯಿ ಮೀರಿ 5 ಕೋಟಿಯವರೆಗಿದ್ದ ತಯಾರಿಕಾ ಘಟಕ ಸಣ್ಣದು. 2020ರ ಜುಲೈ 1ರಿಂದ ಸಣ್ಣ ಉದ್ದಿಮೆಯ ಮಿತಿ ಹೂಡಿಕೆಯಲ್ಲಿ 10 ಕೋಟಿ, ವಹಿವಾಟಿನಲ್ಲಿ 50 ಕೋಟಿ ಆಯಿತು. 2025ರ ಏಪ್ರಿಲ್ 1ರಿಂದ ಅದು ಅನುಕ್ರಮವಾಗಿ 25 ಕೋಟಿ ಮತ್ತು 100 ಕೋಟಿ ಆಗಿದೆ. ನಿನ್ನೆ ಮಧ್ಯಮ ಎನಿಸಿದ ಘಟಕ ಒಂದು ಇಟ್ಟಿಗೆಯನ್ನೂ ಕದಲಿಸದೆ ಇಂದು ಸಣ್ಣದಾಗಿದೆ. ಇದರ ಜೊತೆಗೆ 2021ರ ಜುಲೈಯಲ್ಲಿ ಆದ್ಯತಾ ವಲಯದ ಸಾಲದ ಉದ್ದೇಶಕ್ಕಾಗಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶವಾಯಿತು. ಇಷ್ಟೆಲ್ಲ ಬದಲಾದ ಮೇಲೆ ತಾಲೂಕಿನ ನೋಂದಾಯಿತ ಘಟಕಗಳ ಸಂಖ್ಯೆ ಏರಿದ್ದನ್ನು ತೋರಿಸಿ “ಕೈಗಾರಿಕೀಕರಣ ಭರದಿಂದ ಸಾಗಿದೆ” ಎನ್ನುವುದು ಸರಿಯೇ? ಅಲ್ಲಿ ಎಣಿಸಿದ್ದು ನೋಂದಣಿ ಪತ್ರಗಳನ್ನು, ಹೊಗೆಯಾಡುವ ಚಿಮಣಿಗಳನ್ನಲ್ಲ.

ಕೃಷಿ ಮಾರುಕಟ್ಟೆಯ ಆವಕದ ಅಂಕಿಗಳಿಗೂ ಇದೇ ಕಣ್ಣು ಬೇಕು. 2020ರ ಕಾಯ್ದೆ ತಿದ್ದುಪಡಿಯಿಂದ ಮಾರುಕಟ್ಟೆ ಸಮಿತಿಯ ನಿಯಂತ್ರಣ ಪ್ರಾಂಗಣದೊಳಗಿನ ವ್ಯಾಪಾರಕ್ಕೆ ಸೀಮಿತವಾಯಿತು. ಆ ಬಳಿಕ ಪ್ರಾಂಗಣದ ಹೊರಗೆ ಕೈಬದಲಾದ ಮೆಕ್ಕೆಜೋಳ, ಭತ್ತ, ಹತ್ತಿ ಹಿಂದಿನಂತೆ ಪುಸ್ತಕಕ್ಕೆ ಏರಬೇಕಾಗಿರಲಿಲ್ಲ. ಹೀಗಿರುವಾಗ ಹಳಿಯಾಳ ಅಥವಾ ಮುಂಡಗೋಡದ ಆವಕ ಕಡಿಮೆಯಾದದ್ದನ್ನು ಕಂಡು ಬೆಳೆಯೇ ಕಡಿಮೆಯಾಯಿತೆಂದು ತಿಳಿದು ಗೋದಾಮು ಕಟ್ಟುವ ಯೋಜನೆಯನ್ನು ಕೈಬಿಡುವುದು ಅವಸರದ ನಿರ್ಧಾರವಾದೀತು.

ಶೇಕಡಾ ಮತ್ತು ಸರಾಸರಿ

ಶೇಕಡಾವಾರು ಹೆಚ್ಚಳವನ್ನು ಮಾತ್ರ ಕೊಟ್ಟು ಮೂಲ ಅಂಕಿಯನ್ನು ಮುಚ್ಚಿಡುವ ಕೋಷ್ಟಕವನ್ನು ಮೊದಲು ಸಂಶಯದಿಂದ ನೋಡಬೇಕು. ದೇಶದ ಒಟ್ಟು ಜಿಎಸ್‌ಟಿ ಸಂಗ್ರಹ 2020ರ ಏಪ್ರಿಲಿನಲ್ಲಿ 32,172 ಕೋಟಿ ರೂಪಾಯಿ. 2021ರ ಏಪ್ರಿಲಿನಲ್ಲಿ ಸುಮಾರು 1.41 ಲಕ್ಷ ಕೋಟಿ. ಹೆಚ್ಚಳ ಶೇ. 330ಕ್ಕೂ ಮೀರಿದ್ದು. ಆದರೆ 2020ರ ಏಪ್ರಿಲ್ ದೇಶವೇ ಬಾಗಿಲು ಹಾಕಿದ್ದ ತಿಂಗಳು. ಅದನ್ನು ಬಿಟ್ಟು 2019ರ ಏಪ್ರಿಲಿನ ಸುಮಾರು 1.14 ಲಕ್ಷ ಕೋಟಿಯೊಡನೆ ಹೋಲಿಸಿದರೆ ಎರಡು ವರ್ಷಗಳ ಹೆಚ್ಚಳ ಸುಮಾರು ಶೇ. 24. ಎರಡೂ ಲೆಕ್ಕ ಸರಿ. ವ್ಯಾಪಾರದ ನಿರ್ಧಾರಕ್ಕೆ ಉಪಯೋಗಕ್ಕೆ ಬರುವುದು ಎರಡನೆಯದು.

ಸರಾಸರಿಯ ವಿಷಯದಲ್ಲಿ ದೊಡ್ಡ ಕಾರ್ಖಾನೆಯೊಂದರ ನೆರಳಿನಲ್ಲಿ ಬೆಳೆದ ನಮ್ಮಂತಹ ಊರುಗಳು ವಿಶೇಷ ಎಚ್ಚರ ವಹಿಸಬೇಕು. ಹತ್ತು ಘಟಕಗಳಿವೆ ಎಂದಿಟ್ಟುಕೊಳ್ಳೋಣ. ಒಂಬತ್ತರ ವಹಿವಾಟು ತಲಾ 40 ಲಕ್ಷ, ಹತ್ತನೆಯದು 100 ಕೋಟಿ. ಸರಾಸರಿ 10 ಕೋಟಿ 36 ಲಕ್ಷ! ಹತ್ತರಲ್ಲಿ ಯಾವ ಘಟಕವೂ ಈ ಅಂಕಿಯ ಹತ್ತಿರದಲ್ಲಿಲ್ಲ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಆರಿಸಿದರೆ ಸಿಗುವ ಮಧ್ಯಾಂಕ 40 ಲಕ್ಷ. ಊರಿನ ಸಾಮಾನ್ಯ ಉದ್ಯಮಿಯ ನಿಜಸ್ಥಿತಿ ಅದು. ಮರದ ವ್ಯಾಪಾರದಲ್ಲೂ ಅಷ್ಟೇ. ಒಂದು ಹರಾಜಿನಲ್ಲಿ 10 ಘನ ಮೀಟರ್ ಮರ 40,000 ರೂಪಾಯಿ ದರಕ್ಕೆ, 90 ಘನ ಮೀಟರ್ 20,000 ರೂಪಾಯಿ ದರಕ್ಕೆ ಹೋಯಿತೆಂದರೆ ಸರಾಸರಿ ದರ 30,000 ಅಲ್ಲ, 22,000. ದರಗಳನ್ನು ಕೂಡಿಸಿ ಭಾಗಿಸುವುದಲ್ಲ. ಒಟ್ಟು ಹಣವನ್ನು ಒಟ್ಟು ಪರಿಮಾಣದಿಂದ ಭಾಗಿಸಬೇಕು.

ತಿದ್ದುವ ಬಗೆ

ದೋಷವನ್ನು ಕಂಡುಹಿಡಿದರೆ ಸಾಲದು, ಸರಿಯಾದ ಕೋಷ್ಟಕ ಬರೆಯುವುದನ್ನೂ ಕಲಿಯಬೇಕು. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಎಹ್ರೆನ್‌ಬರ್ಗ್ 1977ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಕೊಟ್ಟ ಸಲಹೆಗಳು ಇಂದಿಗೂ ಉಪಯುಕ್ತ: ಅಂಕಿಗಳನ್ನು ಹೋಲಿಕೆಗೆ ಸಾಕಾಗುವಷ್ಟು ಸುತ್ತುಗೂಡಿಸಿ, ಸಾಲುಗಳನ್ನು ಅಕಾರಾದಿಗಿಂತ ಗಾತ್ರದ ಕ್ರಮದಲ್ಲಿ ಜೋಡಿಸಿ, ಹೋಲಿಸಬೇಕಾದ ಅಂಕಿಗಳು ಒಂದರ ಕೆಳಗೊಂದು ಬರುವಂತೆ ಬರೆಯಿರಿ, ಅಂಚಿನಲ್ಲಿ ಸರಾಸರಿಯನ್ನು ಕೊಡಿ. ಇವುಗಳಿಗೆ ನಮ್ಮ ಅನುಕೂಲಕ್ಕೆ ಇನ್ನೂ ಕೆಲವನ್ನು ಸೇರಿಸಬಹುದು.

ತಲೆಬರಹದಲ್ಲಿ ಏನು, ಎಲ್ಲಿಯದು, ಯಾವ ಅವಧಿಯದು, ಯಾವ ಮಾನದಲ್ಲಿ ಎಂಬ ನಾಲ್ಕೂ ಇರಲಿ. ಅಂಕಿ ಎಲ್ಲಿಂದ ಬಂತೆಂಬುದು ಕೋಷ್ಟಕದ ಕೆಳಗೆ ಇರಲಿ. ಗಡಿ, ವ್ಯಾಖ್ಯೆ ಅಥವಾ ಆಧಾರ ವರ್ಷ ಬದಲಾದ ಜಾಗದಲ್ಲಿ ಅಡ್ಡಗೆರೆಯೊಂದನ್ನು ಎಳೆದು, ಕೆಳಗೆ ಕಾರಣ ಬರೆಯಿರಿ. ಆ ಗೆರೆಯನ್ನು ದಾಟಿ ಶೇಕಡಾ ಲೆಕ್ಕ ಹಾಕಬೇಡಿ. ಶೇಕಡಾ ಕೊಟ್ಟಲ್ಲಿ ಮೂಲ ಅಂಕಿಯನ್ನೂ ಕೊಡಿ. ಸೊನ್ನೆಗೂ “ಮಾಹಿತಿ ಇಲ್ಲ” ಎಂಬುದಕ್ಕೂ ಬೇರೆ ಗುರುತು ಬಳಸಿ. ತಾತ್ಕಾಲಿಕ ಅಂಕಿಯನ್ನು ತಾತ್ಕಾಲಿಕ ಎಂದೇ ನಮೂದಿಸಿ. ಕೊನೆಗೆ ಸಾಲುಗಳನ್ನೊಮ್ಮೆ, ಕಂಬಗಳನ್ನೊಮ್ಮೆ ಕೂಡಿಸಿ ತಾಳೆ ನೋಡಿ. ತೇರೀಜು ತಾಳೆಯಾಗದೆ ಖಾತೆ ಮುಗಿಸದ ವರ್ತಕ ಬಂಧುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮ ಮುಂದಿರುವ ಕೆಲಸ

ಇಷ್ಟು ಶ್ರಮ ಏಕೆ, ನಮಗೆ ಅನುಕೂಲವಾದ ಅಂಕಿಯನ್ನು ಕೊಟ್ಟರಾಗದೇ ಎಂದು ಕೆಲವರು ಕೇಳಬಹುದು. ಬೇಡಿಕೆಯ ಪತ್ರದಲ್ಲಿ ನಮ್ಮ ಪರವಾದ ಉತ್ಪ್ರೇಕ್ಷೆ ತಪ್ಪಲ್ಲ ಎಂಬ ವಾದವೂ ಇದೆ. ಈ ವಾದವನ್ನು ಒಪ್ಪಲಾಗದು. ಮನವಿಯನ್ನು ಪರಿಶೀಲಿಸುವ ಅಧಿಕಾರಿ ಕೋಷ್ಟಕದಲ್ಲಿ ಒಂದು ದೋಷ ಕಂಡುಹಿಡಿದರೆ ಉಳಿದ ಒಂಬತ್ತು ಸತ್ಯಗಳನ್ನೂ ನಂಬುವುದಿಲ್ಲ. ತಕ್ಕಡಿಯಲ್ಲಿ ಒಮ್ಮೆ ಮೋಸ ಕಂಡ ಗಿರಾಕಿ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವನೇ? ಮೇಲಾಗಿ, ನಮ್ಮ ಪ್ರದೇಶದ ವಿಷಯದಲ್ಲಿ ಉತ್ಪ್ರೇಕ್ಷೆಯ ಅಗತ್ಯವೂ ಇಲ್ಲ. ಮೇಲಿನ ಉದಾಹರಣೆಗಳಲ್ಲಿ ನಮಗೆ ಸಂಬಂಧಿಸಿದವುಗಳನ್ನು ನೋಡಿದರೆ, ತಪ್ಪಾಗಿ ಜೋಡಿಸಿದ ಕೋಷ್ಟಕವೇ ನಮ್ಮನ್ನು ಇರುವುದಕ್ಕಿಂತ ಕುಗ್ಗಿಸಿ ತೋರಿಸುತ್ತದೆ. ಅಂಕಿಗಳನ್ನು ಸರಿಯಾಗಿ ಜೋಡಿಸುವುದೇ ನಮ್ಮ ಪಾಲಿನ ನ್ಯಾಯವನ್ನು ಕೇಳುವ ಸುಲಭ ಮಾರ್ಗ.

ಆದುದರಿಂದ ಎರಡು ಸಲಹೆಗಳನ್ನು ಸದಸ್ಯರ ಮುಂದಿಡಬಯಸುತ್ತೇನೆ. ಮೊದಲನೆಯದು, ನಮ್ಮ ಸಂಸ್ಥೆಯಿಂದ ಹೋಗುವ ಯಾವ ಮನವಿಯ ಕೋಷ್ಟಕವೂ ಗಡಿ, ಅವಧಿ, ಆಧಾರ ವರ್ಷ, ವ್ಯಾಖ್ಯೆ ಈ ನಾಲ್ಕನ್ನೂ ಇಬ್ಬರು ಸದಸ್ಯರು ಪರಿಶೀಲಿಸಿ ಸಹಿ ಹಾಕದೆ ಹೊರಡಬಾರದು. ಎರಡನೆಯದು, ಹೊಸ ಜನಗಣತಿಯ ಅಂಕಿಗಳು ಪ್ರಕಟವಾಗುವ ಮೊದಲೇ 2011ರ ಗ್ರಾಮವಾರು ಅಂಕಿಗಳನ್ನು ಇಂದಿನ ಹಳಿಯಾಳ ಮತ್ತು ದಾಂಡೇಲಿ ತಾಲೂಕುಗಳ ಗಡಿಗೆ ಹೊಂದಿಸಿದ ಕೋಷ್ಟಕವೊಂದನ್ನು ಜಿಲ್ಲಾ ಸಂಖ್ಯಾಸಂಗ್ರಹಣಾಧಿಕಾರಿಗಳಿಂದ ಕೋರಬೇಕು. ಅದು ದೊರೆಯುವುದು ತಡವಾದರೆ ನಾವೇ ಅದನ್ನು ಸಿದ್ಧಪಡಿಸಿ ಅವರ ಪರಿಶೀಲನೆಗೆ ಕಳುಹಿಸಬೇಕು. ಗ್ರಾಮಗಳ ಪಟ್ಟಿ ಸಾರ್ವಜನಿಕ ದಾಖಲೆ. ಅದನ್ನು ಕೂಡಿಸಲು ನಾಲ್ಕು ಮಂದಿ ಕೆಲವು ಸಂಜೆ ಕುಳಿತರೆ ಸಾಕು. ತಪ್ಪು ಶೀರ್ಷಿಕೆ ಅಚ್ಚಾದ ಮೇಲೆ ಸ್ಪಷ್ಟನೆ ಕೊಡುವುದಕ್ಕಿಂತ, ಸರಿಯಾದ ಕೋಷ್ಟಕವನ್ನು ಮೊದಲೇ ಮೇಜಿನ ಮೇಲಿಡುವುದು ಎಲ್ಲರಿಗೂ ಮೇಲು.